ಸಕ್ರಿ ಯಾವಾಗ ಆತು?

ಜೂನ್ 15, ಭಾನುವಾರ, ಬೆಳಿಗ್ಗೆ 6.40

ಎರಡನೇ ಇಂಜೆಕ್ಷನ್ ಪೆನ್ನು, ಮೊದಲ ವಾರ. ಹೊಟ್ಟೆಯ ಎಡಗಡೆ ಚುಚ್ಚಿಕೊಂಡೆ. ಹತ್ತು ಎಣಿಸಿ ಸೂಜಿ ಹೊರಗೆ. ತೂಕ 97. ಹೋದ ತಿಂಗಳು 101 ಇತ್ತು. ಮೂರು ಸಲ ಹತ್ತಿ ಇಳಿದೆ. ನನ್ನ ಖುಷಿಗೆ ಅಮರೇಶನೇ ಯಂತ್ರದ ಮುಳ್ಳು ಹಿಂದೆ ತಿರುಗಿಸಿ ಇಟ್ಟಿರಬಹುದು. ಅಂಥ ಗಂಡ ಅವನು.

ಪೆನ್ನನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇಟ್ಟಿದ್ದೆ. ಇವತ್ತು ಪಾತ್ರೆಯ ಮುಂದೆ ಇದೆ. ಅತ್ತೆ ತಾನು ಮುಟ್ಟಿಲ್ಲ ಅಂದರು. ನಾನು ಕೇಳುವ ಮೊದಲೇ ಅಂದರು.

ರಾಯಚೂರಿನ ಡಾಕ್ಟರ್ ಲೆಕ್ಕ ಸರಳ. ದೀಪಾವಳಿಯೊಳಗೆ ತೊಂಬತ್ತರ ಕೆಳಗೆ ಬಂದರೆ ಮೊಣಕಾಲು ಉಳಿಯುತ್ತದೆ, ಹೋದ ದಸರೆಯಲ್ಲಿ ಪತ್ತೆಯಾದ ಶುಗರ್ ಕೂಡ ಹಿಡಿತಕ್ಕೆ ಬರುತ್ತದೆ. ಇಲ್ಲದಿದ್ದರೆ ಆಪರೇಷನ್. ಹೆಡ್‌ಮಾಸ್ಟರ್ ಆಗಲೇ ಶುರು ಮಾಡಿದ್ದಾರೆ — ಮೇಲಿನ ಮಹಡಿಯ ಹತ್ತನೇ ಕ್ಲಾಸನ್ನು ಬೇರೆಯವರಿಗೆ ಕೊಡೋಣ, ನೀವು ಕೆಳಗೆ ಆಫೀಸಿನಲ್ಲಿ ಆರಾಮಾಗಿ ಕೂತುಬಿಡಿ ಅಂತ. ಹತ್ತು ವರ್ಷದಿಂದ ಆ ಕ್ಲಾಸಿನ ಗಣಿತ ನನ್ನದು. ಬಿಡುವುದಿಲ್ಲ.

ಎರಡು ಪೆನ್ನು ಕೈಯಿಂದ ರೊಕ್ಕ ಹಾಕಿ ತಂದೆವು. ಮೂರನೆಯದು ಆಗುವುದಿಲ್ಲ. ಶಾಲೆಯ ಗುಂಪು ವಿಮೆ ಇದೆಯಲ್ಲ, ಮೂರು ವರ್ಷದಿಂದ ಸಂಬಳದಲ್ಲೇ ಹಿಡಿಯುತ್ತಿದ್ದಾರೆ. ಔಷಧಿಗೂ ಕೊಡುತ್ತಾರೆ ಅಂತ ಸಣ್ಣ ಅಕ್ಷರದಲ್ಲಿದೆ. ಕ್ಲೇಮ್ ಹಾಕಿದ್ದೇನೆ. ಸಣ್ಣ ಅಕ್ಷರದ ಮೇಲೆ ನನಗೆ ನಂಬಿಕೆ ಇಲ್ಲ.

ಜೂನ್ 27

ರಿಜೆಕ್ಟ್. ಒಂದೇ ಸಾಲು. ತೂಕ ಇಳಿಸುವ ಔಷಧಿ ಸೌಂದರ್ಯಕ್ಕೆ ಸಂಬಂಧಿಸಿದ್ದು, ವಿಮೆಯಲ್ಲಿ ಬರುವುದಿಲ್ಲ.

ಸೌಂದರ್ಯವಂತೆ. ಮೊಣಕಾಲಿಗೆ ಯಾವ ಸೌಂದರ್ಯ… ಚಾಕ್‌ಪೀಸ್ ಬಿದ್ದರೆ ಎತ್ತಿಕೊಳ್ಳಲು ಮಕ್ಕಳನ್ನು ಕರೆಯುತ್ತೇನೆ.

ತೂಕದ ವಿಷಯ ಅವರಿಗೆ ಹೇಗೆ ಗೊತ್ತಾಯಿತು? ನಾನು ಶುಗರ್ ಅಂತಲೇ ಬರೆದಿದ್ದೆ. ಸಂಜೆ ಮೆಡಿಕಲ್ ಶಾಪಿನ ವಲಿ ಪಾಷಾನನ್ನು ಹಿಡಿದು ಕೇಳಿದೆ, ಬಿಲ್ಲಿನ ಮೇಲೆ ಏನು ಬರೆದಿದ್ದಿ ಅಂತ. ಬಿಲ್ಲು ತೆಗೆದು ತೋರಿಸಿದ. ಔಷಧಿಯ ಹೆಸರು, ಅಷ್ಟೇ. ಅದು ಎರಡಕ್ಕೂ ಕೊಡುವ ಔಷಧಿ, ಶುಗರ್‌ಗೆ ಅಂತ ಡಾಕ್ಟರ ಕೈಯಿಂದ ಪತ್ರ ಬರೆಸಿ ಮತ್ತೆ ಹಾಕಿ ಅಂದ. ಸಹಾಯ ಮಾಡುವ ದನಿಯಲ್ಲೇ ಅಂದ. ಆದರೆ ಹೋದ ತಿಂಗಳು ನನ್ನ ಆಧಾರ್ ಜೆರಾಕ್ಸ್ ಯಾಕೆ ಇಟ್ಟುಕೊಂಡ?

ಜುಲೈ 13, ಭಾನುವಾರ

ಡಾಕ್ಟರ್ ಪತ್ರ ಹಚ್ಚಿ ಮತ್ತೆ ಕಳಿಸಿದೆ. ಮಾನ್ವಿಯಿಂದ ಮೇಘಾ ಬಂದಿದ್ದಳು. ಅಮರೇಶನ ತಂಗಿ, ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಪ್ರತಿ ಸಲ ಮನೆಗೇ ಬಂದು ರಕ್ತ ತೆಗೆಯುತ್ತಾಳೆ, ರೊಕ್ಕ ಕೇಳುವುದಿಲ್ಲ. ನೋವಾಗದ ಹಾಗೆ ತೆಗೆಯುತ್ತಾಳೆ, ಒಪ್ಪಬೇಕು. ಮೊದಲು ಯಾವತ್ತಾದರೂ ಶುಗರ್ ನೋಡಿಸಿದ್ದಿರಾ ಅಂತ ಕೇಳಿದಳು. ಯಾಕೆ ಕೇಳಿದಳು ಅಂತ ಅವಳು ಹೋದ ಮೇಲೆ ಯೋಚನೆ ಬಂತು.

ತೂಕ 94.

ಜುಲೈ 24, ಸಂಜೆ

ಶಾಲೆಯಿಂದ ಬಂದರೆ ಅಂಗಳದಲ್ಲಿ ಎರಡು ಖಾಲಿ ಚಹಾ ಲೋಟ. ವಿಮೆ ಕಂಪನಿಯವನು ಬಂದು ಹೋಗಿದ್ದಾನೆ. ತನಿಖೆಗೆ. ಬಿಳಿ ಹೆಲ್ಮೆಟ್ಟು, ಕೈಯಲ್ಲಿ ಫಾರಂ. ನಾನಿಲ್ಲದ ಹೊತ್ತು ನೋಡಿಯೇ ಬಂದಿದ್ದಾನೆ.

ಏನು ಕೇಳಿದ ಅಂತ ಅತ್ತೆಯನ್ನು ನಾಲ್ಕು ಸಲ ಕೇಳಿದೆ. ಮನೆ ಮಾತು, ಮದುವೆ ಮಾತು ಅಂದರು. ಎಷ್ಟು ಮಕ್ಕಳು, ಯಾವೂರ ಹೆಣ್ಣು… ಹೀಗೇ.

"ಭಾಳ ಛಲೋ ಮನಷ್ಯಾ. ಇನ್ನೊಂದು ಕಪ್ಪು ಚಾ ಅಂದ್ರೂ ಬ್ಯಾಡ ಅನ್ನಲಿಲ್ಲ. ನಿನ್ನ ಬಗ್ಗೆ ಎಲ್ಲಾ ಛಲೋನೇ ಹೇಳೀನಿ," ಅಂದರು.

ಛಲೋನೇ ಹೇಳಿದ್ದಾರಂತೆ. ಹನ್ನೆರಡು ವರ್ಷದಲ್ಲಿ ನನ್ನ ಎದುರಿಗೆ ಒಮ್ಮೆಯೂ ಹೇಳದವರು ಹೆಲ್ಮೆಟ್ಟಿನವನಿಗೆ ಹೇಳಿದರೇ.

ಆಗಸ್ಟ್ 11

ಪತ್ರ ಬಂತು. ಈ ಸಲ ಒಂದು ಸಾಲಲ್ಲ, ಒಂದು ಪುಟ. ಇಲ್ಲಿ ಇದ್ದ ಹಾಗೇ ಬರೆದಿಡುತ್ತೇನೆ:

"ಕುಟುಂಬದ ಸದಸ್ಯರ ಹೇಳಿಕೆಯಂತೆ ವಿಮಾದಾರರಿಗೆ 2013ರಲ್ಲೇ ಗಬ್ಬೂರಿನಲ್ಲಿ ಸಕ್ಕರೆ ಆಗಿರುತ್ತದೆ. ಈ ವಿಷಯ ಊರಿನ ಎಲ್ಲರಿಗೂ ತಿಳಿದಿರುತ್ತದೆ. ಪಾಲಿಸಿ ಪಡೆಯುವಾಗ ಇದನ್ನು ಮುಚ್ಚಿಟ್ಟಿರುವುದರಿಂದ ಕ್ಲೇಮ್ ತಿರಸ್ಕರಿಸಿ, ಪಾಲಿಸಿ ರದ್ದುಪಡಿಸಲು ಕ್ರಮ ಕೈಗೊಳ್ಳಲಾಗುವುದು."

ಸುಳ್ಳುಗಾರ್ತಿ ಅನ್ನುವುದಕ್ಕೆ ಇಷ್ಟು ಮರ್ಯಾದೆಯ ಭಾಷೆ ಇದೆ ಅಂತ ಗೊತ್ತಿರಲಿಲ್ಲ. ಶುಗರ್ ಬಂದು ಇನ್ನೂ ವರ್ಷ ತುಂಬಿಲ್ಲ. ಎರಡು ಸಾವಿರದ ಹದಿಮೂರರಲ್ಲಿ ನಾನು ಐವತ್ತೆರಡು ಕೆಜಿ ಇದ್ದೆ. ಗಬ್ಬೂರು ನನ್ನ ತವರು. ಅಲ್ಲಿ ಯಾರಿಗೆ ಏನು ತಿಳಿದಿದೆ?

"ಕುಟುಂಬದ ಸದಸ್ಯರು." ಹೆಸರಿಲ್ಲ.

ಆಗಸ್ಟ್ 12

ನಿದ್ದೆಯಿಲ್ಲ. ಗಣಿತದವಳು, ಹಂತ ಹಂತವಾಗಿ ಬಿಡಿಸುತ್ತೇನೆ.

ಅಮರೇಶ — ಆ ದಿನ ಮಾನ್ವಿ ಆಫೀಸಿನಲ್ಲಿದ್ದ. ಅವನಿಗೆ ನನ್ನ ಹುಟ್ಟಿದ ದಿನವೇ ನೆನಪಿರುವುದಿಲ್ಲ, 2013 ಹೇಗೆ ನೆನಪಿರುತ್ತದೆ.

ಅತ್ತೆ — ನನ್ನ ಕಾಯಿಲೆಯ ಮಾತು ಎತ್ತಿದಿರಾ ಅಂತ ನೇರವಾಗಿ ಕೇಳಿದೆ. ದೇವಸುಗೂರಿನ ಸುಗೂರೇಶ್ವರನ ಆಣೆ ಮಾಡಿದರು. "ಬ್ಯಾನಿ ಮಾತು ನಾ ಯಾಕ ಎತ್ತಲೆವ್ವ? ಬ್ಯಾನಿ ಹೆಸರೇ ತಗದಿಲ್ಲ ನಾ," ಅಂದರು. ಎಷ್ಟೇ ಜಗಳ ಆಗಲಿ, ಸುಗೂರೇಶ್ವರನ ಹೆಸರಿನಲ್ಲಿ ಅತ್ತೆ ಸುಳ್ಳು ಹೇಳುವವರಲ್ಲ.

ಉಳಿದವಳು ಮೇಘಾ.

ಈಗ ನೆನಪಾಗುತ್ತಿದೆ. ಮದುವೆಗೆ ಮುಂಚೆ ಗಬ್ಬೂರಿನ ಶಾಲೆಯಲ್ಲಿ ಒಂದು ಪುಕ್ಕಟೆ ರಕ್ತ ತಪಾಸಣೆ ಕ್ಯಾಂಪ್ ಆಗಿತ್ತು. ಊರೆಲ್ಲ ಸಾಲು ನಿಂತಿತ್ತು, ನಾನೂ ಬೆರಳು ಕೊಟ್ಟಿದ್ದೆ. ಬಂದವರು ಮಾನ್ವಿಯ ಲ್ಯಾಬಿನವರು. ಮೇಘಾ ಕೆಲಸ ಮಾಡುವುದು ಅದೇ ಲ್ಯಾಬಿನಲ್ಲಿ. ಹಳೆಯ ರಿಜಿಸ್ಟರ್ ಅಲ್ಲೇ ಇರಬೇಕು. "ಮೊದಲು ಯಾವತ್ತಾದರೂ ಶುಗರ್ ನೋಡಿಸಿದ್ದಿರಾ…" ಅದಕ್ಕೇ ಕೇಳಿದ್ದು.

ಎಲ್ಲ ಕೂಡಿ ಬರುತ್ತದೆ. ಉತ್ತರ ಸರಿ ಬಂದಾಗ ಖುಷಿ ಆಗಬೇಕಿತ್ತು.

ಆಗಸ್ಟ್ 17, ಭಾನುವಾರ

ಬೆಳಿಗ್ಗೆ ಬಸ್ಸಿಗೆ ಮಾನ್ವಿಗೆ ಹೋದೆ. ಅಮರೇಶನಿಗೆ ಹೇಳಲಿಲ್ಲ. ಬಸ್ಸು ಇಳಿಯುವಾಗ ಕಂಡಕ್ಟರ್ ಕೈ ಹಿಡಿದು ಇಳಿಸಿದ. ಆ ಸಿಟ್ಟೂ ಇತ್ತು.

ಮೇಘಾ ರೊಟ್ಟಿ ಬಡಿಯುತ್ತಿದ್ದಳು. ಪತ್ರ ಮುಂದೆ ಹಿಡಿದೆ. ಕಂಪನಿಯವರು ಏನು ಕೊಟ್ಟರು ಅಂತ ಕೇಳಿದೆ. ಅವಳಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಹಿಟ್ಟಿನ ಕೈಯಲ್ಲೇ ಪತ್ರ ತೆಗೆದುಕೊಂಡು ಓದಿದಳು. ನಾನು ಕ್ಯಾಂಪು, ರಿಜಿಸ್ಟರು ಎಲ್ಲ ಹೇಳಿದೆ. ಮೂರನೇ ಕ್ಲಾಸಿನವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ.

ಆಗ ಅಂದಳು: "ಅತ್ತಿಗಿ, ನಾ ರಕ್ತ ತಗೀತೀನಿ. ಕುಡಿಯಂಗಿಲ್ಲ."

ಅಷ್ಟೇ. ಮತ್ತೆ ರೊಟ್ಟಿ ಬಡಿಯತೊಡಗಿದಳು. ನೀರೂ ಕುಡಿಯದೆ ಎದ್ದು ಬಂದೆ. ತಪ್ಪು ಮಾಡಿದವರು ಇನ್ನೂ ಜೋರು ಮಾಡುತ್ತಾರೆ, ಅಲ್ಲವೇ? ಅವಳು ಜೋರು ಮಾಡಲಿಲ್ಲ. ಕಲಿತವಳು, ನಟಿಸುವುದೂ ಗೊತ್ತಿರಬೇಕು.

ಸೆಪ್ಟೆಂಬರ್ 14

ಪೆನ್ನು ಇಲ್ಲದೆ ಎರಡು ತಿಂಗಳು. 98. ಹಸಿವು ಮೊದಲಿಗಿಂತ ಹೆಚ್ಚು. ನಿನ್ನೆ ಶಾಲೆಯ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತೆ. ಮಕ್ಕಳು ಪಕ್ಕ ಸರಿದು ದಾರಿ ಬಿಟ್ಟರು, ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಾನ್ವಿಯ ವಿಷಯ ತಿಳಿದ ಮೇಲೆ ಅಮರೇಶ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಮೇಘಾ ಈ ಕಡೆ ಬಂದಿಲ್ಲ. ಅತ್ತೆ ಕೇಳಿದರೆ ಕೆಲಸ ಅದ ಅನ್ನುತ್ತಾಳಂತೆ.

ದಸರಾ ರಜೆ ಮುಗಿದ ಮೇಲೆ ಹತ್ತನೇ ಕ್ಲಾಸು ಬಿಟ್ಟುಕೊಡಬೇಕು ಅಂತ ಹೆಡ್‌ಮಾಸ್ಟರ್ ಬಾಯಿಬಿಟ್ಟೇ ಹೇಳಿದರು.

ಅಕ್ಟೋಬರ್ 5, ಭಾನುವಾರ, ಸಂಜೆ 5.10

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಅತ್ತೆ ಎರಡು ದಿನ ಕಲ್ಮಲಕ್ಕೆ ಹೋಗಿದ್ದರು, ಅವರ ತಮ್ಮ ಸಂಜೀವನ ಮನೆಗೆ. ಮಧ್ಯಾಹ್ನ ಬಂದರು. ಚೀಲ ಕೆಳಗಿಟ್ಟು, ಕಾಲು ತೊಳೆದು, ಪಕ್ಕದ ಮನೆಯ ಹೀರಾಬಿಗೆ ಗೋಡೆಯ ಮೇಲಿಂದಲೇ ಸುದ್ದಿ ಹೇಳಿದರು. ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ.

"ಸಂಜೀವನ ಮಗಳು ಶೈಲಶ್ರೀಗಿ ಸಕ್ರಿ ಆತು, ಬೇ. ಮಂದಿ ಭಾಳ ಇದ್ರು. ಊರಿಗೆಲ್ಲ ಗೊತ್ತಾಗಂಗ ಮಾಡಿದ."

ಅಕ್ಕಿ ಹಾಗೇ ಬಿಟ್ಟೆ.

ನಮ್ಮಲ್ಲಿ ಮದುವೆಯ ಮಾತು ಗಟ್ಟಿಯಾದ ದಿನ ಗಂಡಿನ ಕಡೆಯ ಹಿರಿಯಳು ಹುಡುಗಿಯ ಬಾಯಿಗೆ ಸಕ್ಕರೆ ಹಾಕುತ್ತಾಳೆ. ಅದಕ್ಕೆ ನಿಶ್ಚಯ, ಎಂಗೇಜ್‌ಮೆಂಟ್ ಅಂತ ನಾವು ಓದಿದವರು ಅನ್ನುತ್ತೇವೆ. ಅತ್ತೆಯಂಥವರು ಅನ್ನುವುದು ಒಂದೇ ಮಾತು. ಸಕ್ರಿ ಆತು.

ನನ್ನದು ಆದದ್ದು 2013ರಲ್ಲಿ. ಗಬ್ಬೂರಿನಲ್ಲಿ. ಊರಿನ ಎಲ್ಲರಿಗೂ ತಿಳಿದಿರುತ್ತದೆ.

ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂರಲಾಗದೆ ಗೋಡೆ ಹಿಡಿದು ನಿಂತು ಕೇಳಿದೆ, ಆ ಬಿಳಿ ಹೆಲ್ಮೆಟ್ಟಿನವನು ಏನು ಕೇಳಿದ, ಅವನ ಮಾತಲ್ಲೇ ಹೇಳಿ ಅಂತ.

"ನಿಮ್ಮ ಸೊಸಿಗಿ ಸಕ್ರಿ ಯಾವಾಗ ಆತ್ರಿ ಅಂದ. ಹನ್ನೆರಡು ವರ್ಷಾತು, ಗಬ್ಬೂರಾಗ ಆತು, ಊರ ಮಂದಿಯೆಲ್ಲ ಬಂದಿದ್ರು ಅಂದೆ. ಯಾಕ, ತಪ್ಪೇನದ ಅದರಾಗ?"

ತಪ್ಪೇನೂ ಇಲ್ಲ. ಆಣೆಯೂ ನಿಜ. ಬ್ಯಾನಿಯ ಹೆಸರನ್ನು ಅವರು ತೆಗೆದೇ ಇಲ್ಲ. ಛಲೋನೇ ಹೇಳಿದ್ದಾರೆ.

ಮೊದಲು ನಗು ಬಂತು. ಆಮೇಲೆ ಮೇಘಾಳ ಹಿಟ್ಟಿನ ಕೈ ನೆನಪಾಯಿತು. ನನಗೆ ನನ್ನ ಬಗ್ಗೆಯೇ ಹೇಸಿಗೆ ಆಯಿತು.

ಅಕ್ಟೋಬರ್ 7

ಕಂಪನಿಗೆ ಫೋನು. ಏಳು ಜನಕ್ಕೆ ಒಂದೇ ಕಥೆ ಹೇಳಿದೆ. ಆರನೆಯವಳು ನಕ್ಕಳು, ಏಳನೆಯವನು ನಗಲಿಲ್ಲ. ಮತ್ತೆ ಅದೇ ತನಿಖೆಯವನನ್ನು ಕಳಿಸುತ್ತಾರಂತೆ, ಹದಿನಾಲ್ಕಕ್ಕೆ. ನಿಶ್ಚಯದ ಫೋಟೋ, ತಾರೀಖಿನ ಸಮೇತ ಬೇಕಂತೆ. ನನ್ನ ಕಥೆ ಅವರಿಗೆ ಅನುಮಾನ. ಅನುಮಾನ ಪಡುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ… ನಾಚಿಕೆ ಇರಬೇಕು ನನಗೆ.

ಫೋಟೋ ಆಲ್ಬಮ್ ನಮ್ಮಲ್ಲಿಲ್ಲ. ಮದುವೆಯಾಗಿ ಹೋಗುವಾಗ ಆಸೆಪಟ್ಟು ಮೇಘಾ ಒಯ್ದಿದ್ದಳು.

ಅಕ್ಟೋಬರ್ 8

ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ನಾಲ್ಕನೆಯದಕ್ಕೆ ಅವಳೇ ತಿರುಗಿ ಮಾಡಿದಳು.

ಮೊದಲು ಆಲ್ಬಮ್ ಕೇಳಬಾರದು, ಮೊದಲು ತಪ್ಪಾಯಿತು ಅನ್ನಬೇಕು ಅಂತ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಓದಿದ ಹಾಗೇ ಅಂದೆ. ನಿನ್ನ ಮೇಲೆ ಇಲ್ಲದ ಆರೋಪ ಹೊರಿಸಿದೆ, ನನ್ನದು ತಪ್ಪು, ಸಣ್ಣ ತಪ್ಪಲ್ಲ. ಆ ಕಡೆ ಮಿಕ್ಸಿಯ ಸದ್ದು ಬಂದು ನಿಂತಿತು. ಸಕ್ರಿಯ ವಿಷಯ ಹೇಳಿದೆ. ಕೊನೆಗೆ ಆಲ್ಬಮ್ ಕೇಳಿದೆ.

ನೋಡುತ್ತೇನೆ ಅಂದಳು. ಬರುತ್ತೇನೆ ಅನ್ನಲಿಲ್ಲ.

ತರುತ್ತಾಳೋ ಇಲ್ಲವೋ. ನಾನಾಗಿದ್ದರೆ ತರುತ್ತಿರಲಿಲ್ಲ.

ಅಕ್ಟೋಬರ್ 14, ಸಂಜೆ 6.30

ಬಂದಳು. ತನಿಖೆಯವನಿಗಿಂತ ಹತ್ತು ನಿಮಿಷ ಮೊದಲು, ಬಗಲಲ್ಲಿ ಆಲ್ಬಮ್. ಹೊಸ್ತಿಲಲ್ಲೇ ನಿಂತಳು. ಒಳಗೆ ಬಾ ಅಂದೆ. ಬಂದಳು, ನನ್ನ ಮುಖ ನೋಡಲಿಲ್ಲ.

ಅವನು ಅದೇ ಬಿಳಿ ಹೆಲ್ಮೆಟ್ಟು. ನಾನು ಅಂದುಕೊಂಡಷ್ಟು ಕಳ್ಳನ ಹಾಗೆ ಇಲ್ಲ. ತುಮಕೂರಿನವನಂತೆ. ಬಂದು ನಾಲ್ಕು ತಿಂಗಳು. ಅವನೂ ಹೆದರಿದ್ದ ಅನ್ನಿಸುತ್ತದೆ. ತಲೆ ತಗ್ಗಿಸಿ ಹೇಳಿದ:

"ಈ ಕಡೆ ಶುಗರ್‌ಗೆ ಸಕ್ರಿ ಅಂತಾರೆ ಅಂತ ಆಫೀಸಲ್ಲಿ ಹೇಳಿಕೊಟ್ಟಿದ್ರು ಮೇಡಂ. ಅಮ್ಮನಿಗೆ ಅರ್ಥ ಆಗ್ಲಿ ಅಂತ ಹಾಗೇ ಕೇಳಿದೆ."

ಆಲ್ಬಮ್ ತೆರೆದ. ಮೂಲೆಯಲ್ಲಿ ತಾರೀಖು ಇದೆ. ಅತ್ತೆಯ ಕೈ ನನ್ನ ಬಾಯಿಗೆ ಅಡ್ಡ. ಪಕ್ಕದಲ್ಲಿ ಸಕ್ಕರೆ ತಟ್ಟೆ ಹಿಡಿದ ಮೇಘಾ, ಎರಡು ಜಡೆ. ನಡುವೆ ನಾನು, ಕಡ್ಡಿಯ ಹಾಗೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ನಾನೇ ಹೌದೋ ಅಲ್ಲವೋ ಅಂತ. ಆಮೇಲೆ, ಇದರಲ್ಲಿ ಸಕ್ಕರೆ ಸರಿಯಾಗಿ ಕಾಣಿಸ್ತಿಲ್ಲ, ಕುಂಕುಮ ಹಚ್ತಿರೋ ಹಾಗೂ ಇದೆ ಅಂದ.

ಅತ್ತೆಗೆ ಸಿಟ್ಟು ಬಂತು. ಎದ್ದು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದರು. ತಟ್ಟೆಗೆ ಸುರಿದು ಮೇಘಾಳ ಕೈಗೆ ಕೊಟ್ಟರು. "ಹಿಡಿ. ಹೆಂಗ ಆತು ಅಂತ ಇವರಿಗಿ ತೋರಸ್ತೀನಿ," ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಒಂದು ಚಿಟಿಕೆಯಲ್ಲ, ಮುಷ್ಟಿಯ ಅರ್ಧ ಸಕ್ಕರೆ ನನ್ನ ಬಾಯಲ್ಲಿ.

ಅವನ ಮೊಬೈಲು ಮೇಲೆ ಬಂತು.

ಶುಗರ್ ಇದೆ, ಔಷಧಿ ಕೊಡಿ ಅಂತ ಅರ್ಜಿ ಹಾಕಿದವಳ ಬಾಯಿ ತುಂಬ ಸಕ್ಕರೆ. ಅದನ್ನು ಏನಂತ ಬರೆದುಕೊಳ್ಳುತ್ತಾನೋ. ಉಗುಳಿಬಿಡಬೇಕು ಅನ್ನಿಸಿತು. ಆದರೆ ಎದುರಿಗೆ ಮೇಘಾ ತಟ್ಟೆ ಹಿಡಿದು ನಿಂತಿದ್ದಳು, ಹನ್ನೆರಡು ವರ್ಷದ ಹಿಂದೆ ನಿಂತ ಹಾಗೇ, ನಾನು ಏನು ಮಾಡುತ್ತೇನೆ ಅಂತ ನೋಡುತ್ತಾ. ಆ ಸಕ್ಕರೆ ಉಗುಳುವುದು ಅಂದರೆ ಆ ಮನೆ ಬೇಡ ಅಂದ ಹಾಗೆ.

ನುಂಗಿದೆ.

ಮೇಘಾ ನಕ್ಕಳು. ಎರಡು ತಿಂಗಳಾಗಿತ್ತು ಆ ನಗು ಕೇಳಿ.

ಅವನು ಹೋದ. ಒಂದು ವಾರದಲ್ಲಿ ತಿಳಿಸುತ್ತಾರಂತೆ. ಫೋಟೋ ತೆಗೆದನೋ, ಬರೀ ಟೈಮ್ ನೋಡಿಕೊಂಡನೋ, ನನಗೆ ಕಾಣಲಿಲ್ಲ. ನನ್ನ ಕಣ್ಣು ತಟ್ಟೆಯ ಮೇಲಿತ್ತು.

ಮೇಘಾ ಇವತ್ತು ಇಲ್ಲೇ ಉಳಿಯುತ್ತಾಳೆ. ಒಳಗಿನಿಂದ ಕರೆಯುತ್ತಿದ್ದಾಳೆ. ಅಷ್ಟು ಸಕ್ಕರೆ ತಿಂದದ್ದಕ್ಕೆ ಶುಗರ್ ಎಷ್ಟಾಗಿದೆ ನೋಡಬೇಕಂತೆ, ಬೆರಳು ಕೊಡಿ ಅಂತ. ಫೋಟೋ ತೆಗೆದನೇ ಇಲ್ಲವೇ ಅಂತ ಅವಳನ್ನೇ ಕೇಳುತ್ತೇನೆ, ಅವಳು ಅವನ ಪಕ್ಕದಲ್ಲೇ ಇದ್ದಳು. ಏನು ಹೇಳಿದರೂ ಈ ಸಲ ಅವಳ ಮಾತು ನಂಬುತ್ತೇನೆ.