ಹಚ್ಚದ ಇದ್ದಿಲ ಮೇಲಿನ ಹಿಂಡು

ಚಿಗವ್ವಾ, ನಿನ್ನ ಕೈಗೊಂದು ಮುತ್ತು. ಸಹಾರಾದ ಈ ಗ್ಯಾಸ್ ಬಾವಿಗಳ ನಡುವೆ ನಾನು ಅಂಗೈಯಗಲದ ಹಾರುವ ರೋಬೋಟುಗಳ ಹಿಂಡು ಮೇಯಿಸುತ್ತೇನೆ. ಒಂದಕ್ಕೆ ಸೋರುವ ಗ್ಯಾಸಿನ ವಾಸನೆ ಹತ್ತಿದರೆ ಉಳಿದವೂ ನಿದ್ದೆಗಣ್ಣಿನಲ್ಲಿ ನಡೆದಂತೆ ಅದರತ್ತ ತೇಲಿಹೋಗುತ್ತವೆ.

ಶುಕ್ರವಾರ ಕಾವಲುಗಾರ ಬೂಜಿಯಾನ್ ಕಾಕಾ ನಮಾಜು ಮುಗಿಸಿ, ಅತ್ತರು ಪೂಸಿಕೊಂಡೇ ಬಂದು, ಪೈಪಿನ ನೆರಳಲ್ಲಿ ಚಹಾಕ್ಕೆ ಇದ್ದಿಲು ಜೋಡಿಸುತ್ತಿದ್ದರು. ಹಿಂಡು ಅವರ ಪೇಟದ ಸುತ್ತ ತೂಗಾಡತೊಡಗಿತು. ಬಿಳಿ ಬಿಸಿಲಿನಲ್ಲಿ ಕಾಕಾ ಹೂಬಿಟ್ಟ ಮರದಂತೆ ಕಂಡರು.

“ಕಾಕಾ, ಇವಕ್ಕ ಅತ್ತರೂ ಗ್ಯಾಸೇ! ಮೈ ತೊಳ್ಕೊಂಡ್ ಬರ್ರಿ” ಎಂದು ಎಬ್ಬಿಸಿದೆ.

“ನಿನ್ನ ನೊಣಕ್ಕರ ಈ ವಾಸನಿ ಹಿಡಸ್ತಲ್ಲ, ನಮ್ಮಾಕಿಗೆ ಹಿಡಸಂಗಿಲ್ಲ” ಎನ್ನುತ್ತ ಹೋದರು.

ಅವರು ಹೋದರೂ ಹಿಂಡು ಕದಲಲಿಲ್ಲ. ಹಚ್ಚದ ಇದ್ದಿಲ ಮೇಲೆಯೇ ತೂಗಾಡುತ್ತಿತ್ತು. ಪೈಪಿನ ಜಾಯಿಂಟಿಗೆ ಸೋಪಿನ ನೀರು ಬಳಿದೆ; ಗುಳ್ಳೆಗಳು ಮೆಲ್ಲಗೆ ಉಬ್ಬಿ ಬಂದವು. ಬೆಂಕಿಪೆಟ್ಟಿಗೆ ಪಕ್ಕದಲ್ಲೇ ಇತ್ತು.

ನಾನು ಆರಾಮ. ಕಿತ್ತಳೆ ಹೂವಿನ ಪನ್ನೀರು ಇನ್ನು ಕಳಿಸಬೇಡ, ಹಿಂಡಿಗೆ ಅದೂ ಗ್ಯಾಸೇ. ಹಿಂಡು ಮತ್ತೆ ಎತ್ತಲೋ ಹೊರಟಿದೆ, ಓಡಬೇಕು. ಜ್ವರ ಬಂದುಹೋದ ಮೇಲೆ ನಿನ್ನ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲವಂತೆ. ಗ್ಯಾಸ್ ಒಲೆ ಹಚ್ಚುವ ಮುನ್ನ ಮೂಸಿ ನೋಡಲು ಪಕ್ಕದ ಮನೆಯ ವರ್ದಿಯಾಳನ್ನು ಕರೆ. ನೀವಿಬ್ಬರೂ ಮಾತು ಬಿಟ್ಟಿದ್ದರೂ ಕರೆ.

ತಸ್ಸಾದಿತ್