ಬಾತ್‌ರೂಮಿನ ಚಿಲಕ

ಅಮ್ಮಾ,

ಜೈಲಿನ ಮನೋವೈದ್ಯರು ಬಲು ಮೃದು ಮನಸ್ಸಿನವರು. ತಪ್ಪಿನ ಬೇರು ಬಾಲ್ಯದಲ್ಲೇ ಇರುತ್ತದಂತೆ. "ಹೇಳಪ್ಪಾ, ಅಮ್ಮ ಹೊಡೀತಿದ್ರಾ?" ಎಂದರು. ಬಾತ್‌ರೂಮಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು ಎಂದೆ. ಪಾಪ, ಕಣ್ಣೊರೆಸಿಕೊಂಡರು. ಅವರು ಬರೆದುಕೊಟ್ಟರೆ ಶಿಕ್ಷೆ ಅರ್ಧಕ್ಕೆ ಇಳಿಯುತ್ತದಂತೆ.

ಮುಂದಿನ ವಾರ ಮನೆ ನೋಡಲು ಬರುತ್ತಾರೆ. ನಮ್ಮ ಬಾತ್‌ರೂಮಿಗೆ ಹೊರಗೆ ಚಿಲಕವೇ ಇಲ್ಲವಲ್ಲ, ಬಡಗಿಯನ್ನು ಕರೆಸಿ ಒಂದು ಹಾಕಿಸು. ತುಕ್ಕು ಹಿಡಿದದ್ದೇ ಇರಲಿ. ಕೇಳಿದರೆ "ಹೌದು, ನಾನೇ ಪಾಪಿ" ಎಂದುಬಿಡು. ಅಳು ನಿನಗೆ ಹೇಗೂ ಬರುತ್ತದೆ. ತಂಗಿಯ ಫೋಟೋ ಮಾತ್ರ ಗೋಡೆಯಿಂದ ಇಳಿಸು. ನಾನು ಕೊಂದವಳ ನಗುಮುಖ ಕಂಡರೆ ಅವರ ಮನಸ್ಸು ತಿರುಗೀತು.

ನನಗಿಂತ ಅವಳ ಮೇಲೇ ನಿನಗೆ ಪ್ರೀತಿ ಹೆಚ್ಚಿತ್ತು ಎಂದೂ ಹೇಳು. ಅದಕ್ಕೆ ಬಡಗಿ ಬೇಕಾಗಿಲ್ಲ.

ಇನ್ನು ನಿನಗುಳಿದ ಒಂದೇ ಕುಡಿ