ಅಂಕಿತಾಗೆ ಸಿಟ್ಟು ಬಂತು

ಹಳದೀಪುರ
ತಾ. ೧೨-೫-೨೦೨೫, ಸೋಮವಾರ

ಮಗಳು ಗಾಯತ್ರಿಗೆ ನಿನ್ನ ಅವ್ವಿ ಹೊನ್ನಿ ಬರೆಯುವುದು.

ಸೊಂಟನೋವು ಹೇಗಿದೆ? ಮಡಗಾಂವದಲ್ಲಿ ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಮಗನಿಗೂ ದೇವರು ಎರಡು ಕೈ ಕೊಟ್ಟಿದ್ದಾನೆ. ನನ್ನ ಮಂಡಿ ಇದ್ದ ಹಾಗೆಯೇ ಇದೆ, ಬಾಯಿಯೂ ಇದ್ದ ಹಾಗೆಯೇ ಇದೆ. ಫೋನು ಇರುವಾಗ ಕಾಗದ ಯಾಕೆಂದು ನಗಬೇಡ. ಫೋನಿನಲ್ಲಿ ನಾನು ಮುಖ್ಯ ಮಾತಿಗೆ ಬರುವಷ್ಟರಲ್ಲಿ ಮುದುಕಮ್ಮ ಗಂಟೆ ಬಾರಿಸುತ್ತಾಳೆ, ನೀನು ಇಟ್ಟುಬಿಡುತ್ತೀಯ. ಮೂರನೇ ಇಯತ್ತೆ ಕಲಿತವಳ ಅಕ್ಷರ, ಕೋಳಿ ಕೆದರಿದ ಹಾಗಿದ್ದರೂ ಪೂರ್ತಿ ಓದು.

ಹೋದ ವಾರ ಏನು ಹೇಳಿದ್ದೆ ನೀನು? ಅಂಕಿತಾ ಫೋನಿನಲ್ಲಿ ಹೂಂ ಬಿಟ್ಟು ಬೇರೆ ಮಾತಾಡುವುದಿಲ್ಲ, ಅಲ್ಲಿದ್ದು ಮೂಕಿಯಾಗುತ್ತಿದ್ದಾಳೆ, ಜೂನಿಗೆ ಗೋವಾದಲ್ಲೇ ಹಾಸ್ಟೆಲ್ಲಿಗೆ ಹಾಕುತ್ತೇನೆ ಎಂದೆ. ಅದಕ್ಕೆ ಉತ್ತರ ಸಿಕ್ಕಿದೆ. ನಿನ್ನ ಮಗಳಿಗೆ ಸಿಟ್ಟು ಬಂತು ಗಾಯತ್ರಿ! ಮದುವೆ ಚಪ್ಪರದಲ್ಲಿ, ಊರ ಎದುರು, ನನ್ನ ಮೇಲೆಯೇ ಬಂತು! ಅವತ್ತಿನಿಂದ ನನಗೆ ದಿನವೂ ಹಬ್ಬ.

ಸಿಟ್ಟು ಬಂದರೆ ಹಬ್ಬ ಎಂಥದ್ದು ಎನ್ನಬೇಡ, ಹಳೆಯದನ್ನು ನೆನಪು ಮಾಡಿಕೋ. ಮೊದಮೊದಲು ಯಾರು ಎತ್ತಿಕೊಂಡರೂ ನಗುವ ಕೂಸು. ಮುಖದ ಗುರುತು ಹತ್ತಿದ್ದೇ ತಡ, ನೀನು ಬಾವಿಕಟ್ಟೆಗೆ ಹೋದರೂ ಊರು ಎದ್ದು ಬರುವ ಹಾಗೆ ಅರಚುತ್ತಿತ್ತು. ನಡೆಯಲು ಬಂದ ಮೇಲೆ ಎಲ್ಲದಕ್ಕೂ "ಬ್ಯಾಡ". ಅನ್ನ ಬ್ಯಾಡ, ಅಂಗಿ ಬ್ಯಾಡ, ಅಜ್ಜಿ ಬ್ಯಾಡ. ನನ್ನ ಕೈಗೆ ಹಲ್ಲೂರಿದ್ದೂ ಉಂಟು. ಎಲ್ಲ ನೆಟ್ಟಗೇ ನಡೆದಿತ್ತು. ಅವಳಪ್ಪ ತೀರಿಕೊಂಡ, ನೀನು ಹೈವೇಯಲ್ಲಿ ಗೋವಾ ಬಸ್ಸು ಹತ್ತಿದೆ. ನಾಲ್ಕು ವರ್ಷದ ಕೂಸು ಅಳಲಿಲ್ಲ, ಕೈ ಬೀಸಿತು. ನಮ್ಮ ನೆರೆಮನೆ ಹನುಮಕ್ಕ "ಎಷ್ಟ್ ಶಾಣ್ಯಾ ಕೂಸು, ಒಂದ್ ಹನಿ ಕಣ್ಣೀರಿಲ್ಲ" ಎಂದು ಹೊಗಳಿದಳು. ನನಗೆ ಮಾತ್ರ ಅದು ಸರಿ ಕಾಣಲಿಲ್ಲ. ಕೆಚ್ಚಲಿನಿಂದ ಎಳೆದಾಗ ಒದೆಯದ ಕರು ಶಾಣ್ಯಾ ಕರುವಲ್ಲ, ಜಡ್ಡಿನ ಕರು.

ಆಮೇಲೆ ಹತ್ತು ವರ್ಷವೂ ಶಾಣ್ಯಾ ಆಗಿಯೇ ಇದ್ದಳು. ಬಡಿಸಿದ್ದನ್ನು ಉಂಡಳು, ಕೇಳಿದವರಿಗೆ ಪೆನ್ಸಿಲ್ಲು ಕೊಟ್ಟಳು, ಆಟದಲ್ಲಿ ಎಲ್ಲರ ಸರದಿ ಮುಗಿಯಲೆಂದು ಕಾದಳು. ಕೇರಿಯ ಮಕ್ಕಳು ಜಗಳಾಡಿ, ಟೂ ಬಿಟ್ಟು, ಮತ್ತೆ ಕೂಡಿ ಒಂದೇ ಮಾವಿನಕಾಯಿ ಕಚ್ಚುವಾಗ ಇವಳಿಗೆ ಜಗಳವೂ ಇಲ್ಲ, ರಾಜಿಯೂ ಇಲ್ಲ. ಬೈದರೆ "ಆತು ಅಜ್ಜಿ", ಹೊಗಳಿದರೂ "ಆತು ಅಜ್ಜಿ". ನನ್ನಂಥ ಬಾಯಿಗೆ ಎದುರು ಬಾಯಿಲ್ಲದೆ ತುಕ್ಕು ಹಿಡಿಯುತ್ತಿತ್ತು. ಎದುರಾಡಿದರೆ ಈ ಮುದುಕಿಯೂ ಬಸ್ಸು ಹತ್ತಿಬಿಟ್ಟಾಳು ಎಂಬ ಹೆದರಿಕೆ ಆ ಕೂಸಿಗೆ. ನೀನು ಈ ಪ್ರಾಯದಲ್ಲಿ ಕೆಂಪು ರಿಬ್ಬನ್ನಿಗಾಗಿ ಗಂಜಿ ತಟ್ಟೆಯನ್ನು ಅಂಗಳಕ್ಕೆ ಎಸೆದವಳಲ್ಲವೇ? ಸಂಜೆ ಬಂಗಡೆ ಸಾರಿನ ವಾಸನೆಗೆ ಬೆಕ್ಕಿನ ಹಾಗೆ ಒಳಗೆ ಬಂದವಳೂ ನೀನೇ. ಎಸೆದರೂ ಅವ್ವಿ ಎಲ್ಲಿಗೂ ಹೋಗಳೆಂದು ನಿನಗೆ ಗೊತ್ತಿತ್ತು.

ಮೊನ್ನೆ ಶುಕ್ರವಾರ ಹನುಮಕ್ಕನ ಅಕ್ಕ ಸಣ್ಣಿಯ ಮಗಳು ಜಯಶ್ರೀಯ ಮದುವೆ. ಸಣ್ಣಿ ಕಾಲು ಮುರಿದುಕೊಂಡು ಕುಮಟೆಯ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಅವಳ ಬದಲಿಗೆ ತಂಗಿ ಹನುಮಕ್ಕ ಧಾರೆಗೆ ನಿಂತಳು. ಧಾರೆಯ ಹಾಡಿಗೆ ನನ್ನನ್ನು ಬಿಟ್ಟು ಯಾರಿದ್ದಾರೆ? ನಾನು ಸಾಲು ಎತ್ತುವುದು, ಉಳಿದ ಹೆಂಗಸರು ಹಿಂದಿನಿಂದ ಎಳೆಯುವುದು. ಹಾಲುಣಿಸಿದ ತಾಯಿಯ ಹೆಸರು ಬರುವಲ್ಲಿ ನಾನು ಹನುಮಕ್ಕನ ಹೆಸರು ಹಾಕಿದೆ. ಚಪ್ಪರದಲ್ಲಿ ನಿಂತವರ ಹೆಸರು ಹಾಡುವುದು ನನ್ನ ಅತ್ತೆ ಕಲಿಸಿದ ಪದ್ಧತಿ. ಹೆಂಗಸರು ಸಾಲು ಎಳೆಯಬೇಕು, ಅಷ್ಟರಲ್ಲಿ ಅವರ ನಡುವಿನಿಂದ "ಅಜ್ಜಿ, ತಡಿ!" ಎಂಬ ಕೂಗು. ನೋಡಿದರೆ ನಮ್ಮ ಅಂಕಿತಾ! ಎದ್ದು ನಿಂತಿದ್ದಾಳೆ, ಕಿವಿ ಕೆಂಡದ ಹಾಗೆ.

"ಹೆತ್ತವ್ಳು ಸಣ್ಣಿಯಮ್ಮ. ಇಲ್ಲಿ ಇಲ್ಲ ಅಂತ ಅವ್ಳ ಹೆಸ್ರು ತೆಗ್ದು ಬಿಸಾಡೂದಾ?"

ಹನುಮಕ್ಕ ಕಣ್ಣು ಬಿಟ್ಟಳು. "ಎಂತದೇ ಇದು? ಹಾಡು ನಿಲ್ಸೂಕಾಗ್ದು, ಕೂತ್ಕಾ!"

"ಬ್ಯಾಡ. ಕೂರೂದಿಲ್ಲ."

ಬಂತು! ಎಲ್ಲೋ ಕಳೆದುಹೋಗಿದ್ದ ನನ್ನ ಕೂಸಿನ "ಬ್ಯಾಡ" ತಿರುಗಿ ಬಂತು. ಕುಣಿಯಬೇಕು ಅನಿಸಿತು, ಮಂಡಿ ಬಿಡಲಿಲ್ಲ. ಮುಖ ಗಂಟು ಹಾಕಿಕೊಂಡು, "ಹಂಗಾರೆ ನೀನೇ ಎತ್ತೇ, ದೊಡ್ಡ ಮಂಡೆಯವ್ಳೇ" ಎಂದೆ. ಎತ್ತಿದಳು. ಮೊದಲ ಸಾಲಿಗೆ ಗಂಟಲು ನಡುಗಿತು, ಸಣ್ಣಿಯ ಹೆಸರು ಬರುವಲ್ಲಿ ನಡುಗಲಿಲ್ಲ. ಅಕ್ಕನ ಹೆಸರನ್ನು ಎಲ್ಲರಿಗಿಂತ ಜೋರಾಗಿ ಎಳೆದವಳು ಹನುಮಕ್ಕನೇ. ಜಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು, ಸಾವಿರಗಟ್ಟಲೆ ಕೊಟ್ಟು ಬಳಿಸಿಕೊಂಡ ಬಣ್ಣವೆಲ್ಲ ಗಲ್ಲಕ್ಕಿಳಿಯಿತು.

ಮನೆಗೆ ಬಂದ ಮೇಲೆ ಕಟ್ಟೆ ಒಡೆಯಿತು. ನೀನು ದೀಪಾವಳಿಗೆಂದು ಕಳಿಸಿದ ಅಂಗಿಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಎಸೆದಳು. "ಒಂದೂ ಮೈಗೆ ಆಗೂದಿಲ್ಲ! ಈಗ ನಾ ಎಷ್ಟ್ ಉದ್ದ ಇದ್ದೆ ಅಂತ ಅವ್ವಿಗೆ ಗೊತ್ತೇ ಇಲ್ಲ!" ಆಮೇಲೆ ಅತ್ತಳು. ಅದು ಹದಿನಾಲ್ಕರವಳ ಅಳುವಲ್ಲ, ಅವತ್ತು ಹೈವೇಯಲ್ಲಿ ನಿನ್ನ ಬಸ್ಸಿನೆದುರು ನುಂಗಿಕೊಂಡಿದ್ದ ಅಳು. ನಾನು ಸುಮ್ಮನಿರು ಎನ್ನಲಿಲ್ಲ, ಬೆನ್ನು ಸವರುತ್ತ ಕೂತೆ. ಅತ್ತು ಮುಗಿಸಿ ಅನ್ನ ಕೇಳಿದಳು, ಸಾರಿಗೆ ಉಪ್ಪು ಸಾಲದೆಂದು ಜಗಳ ತೆಗೆದಳು. ನಿನ್ನೆ ಗೆಳತಿ ಧನ್ಯಾಳ ಜೊತೆ ಟೂ ಬಿಟ್ಟಿದ್ದಳು, ಇವತ್ತು ಇಬ್ಬರೂ ಒಂದೇ ಸೈಕಲ್ಲಿನಲ್ಲಿ ತಿರುಗುತ್ತಿದ್ದಾರೆ. ಬಾಗಿಲು ದಡಾರೆಂದು ಹಾಕುವುದನ್ನೂ ಕಲಿತಿದ್ದಾಳೆ. ಬಾಗಿಲು ಮುರಿದರೆ ಬಡಗಿ ಇದ್ದಾನೆ.

ಹಾಗಾಗಿ ಹಾಸ್ಟೆಲ್ಲಿನ ಮಾತು ಬಿಡು. ಈಗಷ್ಟೇ ಸಿಟ್ಟು ಮಾಡಲು ಕಲಿತವಳಿಗೆ ಅದನ್ನು ತಾಳಿಕೊಳ್ಳುವ ಮನೆ ಬೇಕು.

ಮುದುಕಮ್ಮನಿಗೆ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮೂರ ತಾಯಿ ಮಹಾಸತಿ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅವ್ವಿ
ಹೊನ್ನಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವಳಿಗೆ ನಿನ್ನನ್ನು ಬೈಯುವುದಿದೆಯಂತೆ. ಫೋನಿನಲ್ಲಿ ಆಗುವುದಿಲ್ಲ, ಎದುರಿಗೇ ನಿಲ್ಲಿಸಿಕೊಂಡು ಬೈಯಬೇಕಂತೆ. ರಜೆ ಕೇಳಿ ಬಾ. ಅಂಗಿ ತರಬೇಡ, ಅಳತೆ ನೋಡಿಕೊಂಡು ಹೋಗು. ಇದನ್ನು ಬರೆಯುವಾಗ ಹೆಗಲ ಹಿಂದೆ ನಿಂತು ಓದುತ್ತಿದ್ದಾಳೆ, ಮುದುಕಿಯ ಗುಟ್ಟೆಲ್ಲ ಹಾಳು. "ಬೈದ್ ಮುಗ್ದಕೂಡ್ಲೆ ಬಸ್ ಹತ್ತೂಕಾಗ್ದು, ನಾಕ್ ದಿನ ಇರ್ಬೇಕು ಅಂತ ಬರಿ" ಎನ್ನುತ್ತಾಳೆ. ಬರೆದಿದ್ದೇನೆ.